ತೊಟ್ಟಿಲು ಎಷ್ಟು ದೂರ?

ಹೆರಿಗೆಯ ರಜೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಿಗೆ ಹನ್ನೊಂದು ಗಂಟೆಯಾಯಿತೆಂದು ಯಾರೂ ಹೇಳಬೇಕಾಗಿಲ್ಲ. ಗೋಡೆಯ ಗಡಿಯಾರಕ್ಕಿಂತ ಮೊದಲೇ ಆಕೆಯ ದೇಹ ಅದನ್ನು ತಿಳಿಸುತ್ತದೆ. ಬೆಳಗಿನ ಎಂಟಕ್ಕೆ ಮಗುವಿಗೆ ಹಾಲೂಡಿಸಿ ಮನೆ ಬಿಟ್ಟವಳಿಗೆ ಅಷ್ಟು ಹೊತ್ತಿಗೆ ಎದೆ ಬಿಗಿದು ಕಲ್ಲಿನಂತಾಗಿರುತ್ತದೆ. ಪಕ್ಕದ ಬೀದಿಯಲ್ಲಿ ಯಾರದೋ ಕೂಸು ಅತ್ತ ಸದ್ದು ಕೇಳಿದರೂ ಸಾಕು, ರವಿಕೆ ತೊಯ್ಯುತ್ತದೆ. ಸೆರಗನ್ನೋ ಕಡತವನ್ನೋ ಎದೆಗೆ ಅಡ್ಡ ಹಿಡಿದು ಆಕೆ ಎದ್ದು ಹೋಗುವುದು ಅನೇಕ ಕಛೇರಿಗಳಲ್ಲಿ ಶೌಚಾಲಯಕ್ಕೆ. ಬಾಗಿಲಿಕ್ಕಿಕೊಳ್ಳಲು ಬೇರೆ ಸ್ಥಳವೇ ಇರುವುದಿಲ್ಲ. ಅಲ್ಲಿ ನಿಂತುಕೊಂಡೇ ಹಾಲನ್ನು ಹಿಂಡಿ ಚೆಲ್ಲಿ, ಮುಖ ತೊಳೆದು ಬಂದು, ಬಿಟ್ಟ ಸಾಲಿನಿಂದ ಕೆಲಸವನ್ನು ಮುಂದುವರಿಸುತ್ತಾಳೆ. ಅದೇ ವೇಳೆಗೆ ಊರಿನ ಇನ್ನೊಂದು ತುದಿಯಲ್ಲಿ ಆಕೆಯ ಮಗು ಅಂಗಡಿಯಿಂದ ತಂದ ಡಬ್ಬಿಯ ಹಾಲನ್ನು ಕುಡಿಯುತ್ತಿರುತ್ತದೆ.

ಈ ವಿಪರ್ಯಾಸಕ್ಕೆ ಕಾರಣವನ್ನು ತಾಯಿಯ ಅಲಕ್ಷ್ಯದಲ್ಲಿ ಹುಡುಕುವ ಹಿರಿಯರು ಇನ್ನೂ ಇದ್ದಾರೆ. ನಿಜವಾದ ಕಾರಣ, ತೊಟ್ಟಿಲಿಗೂ ಕೆಲಸದ ಮೇಜಿಗೂ ನಡುವೆ ಇರುವ ದೂರ. ದುಡಿಯುವ ತಾಯಿಯ ವಿಷಯವಾಗಿ ನೂರು ವರ್ಷಗಳಿಂದ ನಡೆದಿರುವ ಚರ್ಚೆಯಲ್ಲಿ ರಜೆಯ ವಾರಗಳನ್ನೂ ವೇತನದ ರೂಪಾಯಿಗಳನ್ನೂ ಎಣಿಸಿದವರು ಹಲವರು; ಈ ದೂರವನ್ನು ಅಳೆದು ನೋಡಿದವರು ಮಾತ್ರ ಬೆರಳೆಣಿಕೆಯಷ್ಟು.

ಹಾಲಿನ ವಿಷಯದಲ್ಲಿ ಪ್ರಕೃತಿಯ ಲೆಕ್ಕ ಸರಳವಾದುದು. ಮಗು ಕುಡಿದಷ್ಟೂ ಹಾಲು ಹುಟ್ಟುತ್ತದೆ. ಎದೆಯಲ್ಲಿ ಹಾಲು ಉಳಿದರೆ ಅದನ್ನು ತಯಾರಿಸುವ ಗ್ರಂಥಿಗಳು ತಮ್ಮ ಕೆಲಸವನ್ನು ತಗ್ಗಿಸಿಕೊಳ್ಳುತ್ತವೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ಹುಟ್ಟಿಸುತ್ತದೆ. ಆಕ್ಸಿಟೋಸಿನ್ ಎಂಬುದು ಅದನ್ನು ಹೊರಕ್ಕೆ ಹರಿಯಿಸುತ್ತದೆ. ಈ ಎರಡನೆಯದು ಬಲು ಸಂಕೋಚದ ಸ್ವಭಾವದ್ದು. ಮಗುವಿನ ಮುಖ ಕಂಡರೆ, ದನಿ ಕೇಳಿದರೆ ಉಕ್ಕಿ ಬರುತ್ತದೆ. ಅವಸರ, ಅಂಜಿಕೆ, ನೋವು ಇವುಗಳೆದುರು ಹಿಂಜರಿಯುತ್ತದೆ. ಹೊರಗೆ ಯಾರೋ ಬಾಗಿಲು ತಟ್ಟುತ್ತಿರುವಾಗ ಎದೆ ತುಂಬಿದ್ದರೂ ಹಾಲು ಸರಾಗವಾಗಿ ಇಳಿಯದು. ಹೀಗೆ ಕಟ್ಟಿಕೊಂಡ ಹಾಲು ಕೆಲವೊಮ್ಮೆ ಬಾವಿಗೂ ಜ್ವರಕ್ಕೂ ಎಡೆಮಾಡುತ್ತದೆ. ಬಹುಪಾಲು ತಾಯಂದಿರಲ್ಲಿ ಸದ್ದಿಲ್ಲದೆ ಹಾಲೇ ಕಡಿಮೆಯಾಗುತ್ತ ಬರುತ್ತದೆ. “ನಮ್ಮವಳಿಗೆ ಹಾಲು ಸಾಲದಾಯಿತು” ಎಂದು ಮನೆಯವರು ಹೇಳುವ ಮಾತಿನ ಹಿಂದೆ ಎಷ್ಟೋ ವೇಳೆ ಕಛೇರಿಯ ಗಡಿಯಾರವಿರುತ್ತದೆ.

ಮೊದಲ ಆರು ತಿಂಗಳು ಮಗುವಿಗೆ ಎದೆಹಾಲೊಂದೇ ಸಾಕು, ನೀರು ಸಹ ಬೇಡ. ಅನಂತರ ಬೇರೆ ಆಹಾರದೊಡನೆ ಎರಡು ವರ್ಷಗಳವರೆಗೆ ಅಥವಾ ಅದಕ್ಕೂ ಮುಂದೆ ಹಾಲೂಡಿಸಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳೊಳಗಿನ ಕೂಸುಗಳ ಪೈಕಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವು ನೂರಕ್ಕೆ ಸುಮಾರು 64. ನಮ್ಮ ದೇಶದ ಕಾನೂನು ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆಯನ್ನು ವಿಧಿಸಿರುವುದರಿಂದ ಆರು ತಿಂಗಳ ಲೆಕ್ಕ ಸರಿಹೋಯಿತೆಂದು ತೋರುವುದು ಸಹಜ. ಆದರೆ ಆ 26ರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಕಾಲು ಊದಿಯೋ ರಕ್ತದೊತ್ತಡ ಏರಿಯೋ ವೈದ್ಯರ ಮಾತಿನಂತೆ ಮೊದಲೇ ಮಲಗಿದ ಹೆಣ್ಣುಮಗಳಿಗೆ ಉಳಿಯುವುದು 18 ವಾರ. ಆಕೆ ಕೆಲಸಕ್ಕೆ ಮರಳುವ ದಿನ ಕೂಸಿಗೆ ನಾಲ್ಕು ತಿಂಗಳು ತುಂಬಿ ಕೆಲವೇ ದಿನಗಳಾಗಿರುತ್ತವೆ. ಇನ್ನೂ ಮಗ್ಗುಲು ಮಗುಚಲು ಕಲಿಯುತ್ತಿರುವ ವಯಸ್ಸು.

ಹದಿನೈದು ನಿಮಿಷದ ಶಾಸನ

ಈ ತೊಡಕು ಇಂದು ನೆನ್ನೆಯದಲ್ಲ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊಟ್ಟಮೊದಲ ಸಮ್ಮೇಳನವೇ ಹಾಲೂಡಿಸುವ ತಾಯಿಗೆ ಕೆಲಸದ ವೇಳೆಯಲ್ಲಿ ದಿನಕ್ಕೆರಡು ಬಾರಿ ಅರ್ಧರ್ಧ ಗಂಟೆ ಬಿಡುವು ಕೊಡತಕ್ಕದ್ದೆಂದು ಒಪ್ಪಂದ ಮಾಡಿತು. ಭಾರತ ಆ ಒಪ್ಪಂದಕ್ಕೆ ಸಹಿಹಾಕಲಿಲ್ಲ. ಆಗ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರ ಮುಂದೆ ಇದ್ದ ದಾರಿಗಳು ಎರಡೇ: ಕೂಸನ್ನು ಯಂತ್ರದ ಪಕ್ಕದಲ್ಲಿ ಹತ್ತಿಯ ಧೂಳಿನಲ್ಲಿ ಮಲಗಿಸುವುದು, ಇಲ್ಲವೆ ಮನೆಯಲ್ಲಿ ಬಿಡುವುದು. ಹಸಿವಾದರೂ ಏಳದಿರಲೆಂದು ಕೂಸಿಗೆ ಅಫೀಮಿನ ಪುಟ್ಟ ಗುಳಿಗೆ ನುಂಗಿಸಿ ಹೋಗುವ ರೂಢಿ ಇದ್ದಿತೆಂಬುದು 1931ರಲ್ಲಿ ವರದಿ ಒಪ್ಪಿಸಿದ ರಾಯಲ್ ಕಾರ್ಮಿಕ ಆಯೋಗದ ಗಮನಕ್ಕೂ ಬಂದಿತ್ತು. ಕ್ರೂರವೆಂದು ತೋರುವ ಈ ಕೆಲಸವನ್ನು ಮಾಡುತ್ತಿದ್ದವರು ಕ್ರೂರಿಗಳಾಗಿರಲಿಲ್ಲ. ಕೂಲಿ ತಪ್ಪಿದರೆ ಉಳಿದ ಮಕ್ಕಳಿಗೆ ಗಂಜಿಯಿಲ್ಲದ ತಾಯಂದಿರು ಅವರು.

ಅದಕ್ಕೆ ಮೂರು ವರ್ಷ ಮೊದಲು, 1928ರ ಜುಲೈಯಲ್ಲಿ, ಮುಂಬಯಿ ಪ್ರಾಂತದ ಶಾಸನ ಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರರು ಅದನ್ನು ಬೆಂಬಲಿಸಿ ಮಾತನಾಡಿದರು. ಹೆರಿಗೆಗೆ ಮುಂಚೆಯೂ ಅನಂತರವೂ ತಾಯಿಗೆ ವಿಶ್ರಾಂತಿ ದೊರೆಯುವುದು ರಾಷ್ಟ್ರದ ಹಿತಕ್ಕೆ ಸೇರಿದ ವಿಷಯ. ಆದುದರಿಂದ ಅದರ ಹೊರೆಯ ಬಹುಭಾಗವನ್ನು ಸರ್ಕಾರ ಹೊರುವುದೇ ನ್ಯಾಯ. ಆದರೂ ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನಿಗೂ ಅದರಲ್ಲಿ ಪಾಲಿರಬೇಕು ಎಂಬುದು ಅವರ ವಾದದ ತಿರುಳು. ಮಸೂದೆ 1929ರಲ್ಲಿ ಶಾಸನವಾಯಿತು. ಹೊರೆಯನ್ನು ಯಾರು ಎಷ್ಟು ಹೊರಬೇಕೆಂಬ ಅವರ ಪ್ರಶ್ನೆ ಮಾತ್ರ ಮುಂದಿನ ಎಲ್ಲ ಶಾಸನಗಳ ಬೆನ್ನಿಗೂ ಅಂಟಿಕೊಂಡೇ ಬಂದಿದೆ.

ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ ಬಂದ ಕಾರ್ಖಾನೆಗಳ ಶಾಸನ ಐವತ್ತಕ್ಕಿಂತ ಹೆಚ್ಚು ಸ್ತ್ರೀಯರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಗಾಳಿಬೆಳಕುಳ್ಳ ಕೋಣೆ ಇರಬೇಕೆಂದೂ, ತರಬೇತಾದ ಹೆಂಗಸೊಬ್ಬಳು ಅದನ್ನು ನೋಡಿಕೊಳ್ಳಬೇಕೆಂದೂ ವಿಧಿಸಿತು. 1951ರ ತೋಟಕಾರ್ಮಿಕರ ಶಾಸನ ಕೊಡಗು, ಚಿಕ್ಕಮಗಳೂರುಗಳ ದೊಡ್ಡ ಕಾಫಿ ತೋಟಗಳಿಗೂ ಇಂಥದೇ ಕಟ್ಟಳೆಯನ್ನು ತಂದಿತು. 1961ರ ಹೆರಿಗೆ ಸೌಲಭ್ಯ ಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಊಟದ ಬಿಡುವಿನ ಹೊರತು ದಿನಕ್ಕೆರಡು ಬಾರಿ ಹಾಲೂಡಿಸುವ ವಿರಾಮವನ್ನು ತಾಯಿಯ ಹಕ್ಕನ್ನಾಗಿ ಮಾಡಿತು.

ವಿರಾಮ ಎಷ್ಟು ಹೊತ್ತು? ಅದನ್ನು ಶಾಸನ ನಿಯಮಾವಳಿಗಳಿಗೆ ಬಿಟ್ಟಿತು. ಗಣಿ ಮತ್ತು ಸರ್ಕಸ್ಸುಗಳಲ್ಲಿ ದುಡಿಯುವ ಸ್ತ್ರೀಯರಿಗಾಗಿ 1963ರಲ್ಲಿ ಕೇಂದ್ರ ಸರ್ಕಾರ ರಚಿಸಿದ ನಿಯಮಗಳು ಒಂದೊಂದು ವಿರಾಮಕ್ಕೆ ಹದಿನೈದು ನಿಮಿಷವೆಂದವು. ಮಗುವನ್ನು ಬಿಟ್ಟ ಸ್ಥಳ ಸಮೀಪದಲ್ಲಿಲ್ಲವಾದರೆ ಹೋಗಿಬರಲು ಐದರಿಂದ ಹದಿನೈದು ನಿಮಿಷ ಹೆಚ್ಚಿಗೆ ಕೊಡಬಹುದೆಂದೂ ಸೇರಿಸಿದವು. ಸರ್ಕಸ್ಸಿನ ಡೇರೆಗೆ ಬರೆದ ಈ ಒಂದು ಸಾಲಿನಲ್ಲಿ ಶಾಸನ ದೂರವನ್ನು ನೆನೆದಿದೆ! ಕೂಸು ಹೆತ್ತ ಯಾರನ್ನಾದರೂ ಕೇಳಿ ನೋಡಬಹುದು: ಮಗುವನ್ನು ಎತ್ತಿಕೊಂಡು, ಅದು ಬಾಯಿ ಹಚ್ಚಿ, ಎರಡು ಮಗ್ಗುಲೂ ಕುಡಿದು, ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿ ತೇಗಿಸುವಷ್ಟರಲ್ಲಿ ಹದಿನೈದು ನಿಮಿಷ ಕಳೆದೇ ಹೋಗಿರುತ್ತದೆ. ತೊಟ್ಟಿಲು ಪಕ್ಕದ ಕೋಣೆಯಲ್ಲಿದ್ದರೆ ಮಾತ್ರ ಈ ಲೆಕ್ಕ ಹೇಗೋ ಹೊಂದುತ್ತದೆ. ಅರ್ಧ ಗಂಟೆಯ ಬಸ್ಸಿನ ದಾರಿಯಾದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ.

ಮೂವತ್ತೊಂದನೆಯ ಹೆಂಗಸು

ಕೂಸಿನ ಕೋಣೆಯ ಕಟ್ಟಳೆಯಲ್ಲಿ ಇನ್ನೊಂದು ಸೂಕ್ಷ್ಮ ಅಡಗಿತ್ತು. 1976ರ ತಿದ್ದುಪಡಿಯಲ್ಲಿ ಐವತ್ತರ ಮಿತಿಯನ್ನು ಮೂವತ್ತಕ್ಕೆ ಇಳಿಸಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಲೆಕ್ಕಕ್ಕೆ ಸೇರುತ್ತಿದ್ದವರು ಸ್ತ್ರೀಯರು ಮಾತ್ರ. ಮೂವತ್ತು ಹೆಂಗಸರನ್ನು ಇಟ್ಟುಕೊಂಡ ಮಾಲೀಕನಿಗೆ ಕೋಣೆಯ ಖರ್ಚಿಲ್ಲ. ಮೂವತ್ತೊಂದನೆಯವಳು ಬಾಗಿಲೊಳಗೆ ಕಾಲಿಟ್ಟೊಡನೆ ಕೋಣೆ ಬೇಕು, ಆಯಾ ಬೇಕು, ಹಾಲು ಬೇಕು. ಆ ಮೂವತ್ತೊಂದನೆಯ ಕೆಲಸವನ್ನು ಗಂಡಸಿಗೆ ಕೊಟ್ಟರಾಯಿತೆಂದು ಹೊಂಚುವವನಿಗೆ ಶಾಸನವೇ ದಾರಿ ತೋರಿದಂತಾಗಿತ್ತು. ಮಗುವೆಂಬುದು ತಾಯಿಯೊಬ್ಬಳ ಖಾತೆಗೇ ಬರೆದ ವೆಚ್ಚ ಎಂಬ ಭಾವನೆ ಆ ಅಂಕಿಯಲ್ಲೇ ಇತ್ತು.

2017ರಲ್ಲಿ ಹೆರಿಗೆ ಸೌಲಭ್ಯ ಶಾಸನವನ್ನು ತಿದ್ದಿದಾಗ ರಜೆ 12 ವಾರದಿಂದ 26ಕ್ಕೆ ಏರಿದ ಸುದ್ದಿಯೇ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಿತು. ಅದರೊಡನೆ ಬಂದ ಇನ್ನೊಂದು ಬದಲಾವಣೆ ಅಷ್ಟು ಕಣ್ಣಿಗೆ ಬೀಳಲಿಲ್ಲ. ಐವತ್ತು ಅಥವಾ ಹೆಚ್ಚು ನೌಕರರಿರುವ ಪ್ರತಿಯೊಂದು ಸಂಸ್ಥೆಯೂ ಶಿಶುಪಾಲನಾ ಕೇಂದ್ರವನ್ನು ಒದಗಿಸತಕ್ಕದ್ದು ಎಂದು ಅದು ಹೇಳಿತು. ಐವತ್ತರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಕೇಳಲಿಲ್ಲ. ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕೆಂದಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1961ರ ಶಾಸನದ ಸ್ಥಾನವನ್ನು ಪಡೆಯಿತು. 26 ವಾರಗಳು, ಎರಡು ವಿರಾಮಗಳು, ಐವತ್ತು ನೌಕರರ ಮಿತಿ, ನಾಲ್ಕು ಭೇಟಿಗಳು ಅದರಲ್ಲೂ ಮುಂದುವರಿದಿವೆ. ಹಲವು ಸಂಸ್ಥೆಗಳು ಕೂಡಿ ಒಂದೇ ಕೇಂದ್ರವನ್ನು ನಡೆಸಲೂ ಅವಕಾಶವುಂಟು. ತಂದೆಯ ಭೇಟಿಯ ಮಾತನ್ನು ಮಾತ್ರ ಸಂಹಿತೆಯೂ ಎತ್ತಿಲ್ಲ.

ಇನ್ನು ದೂರ. ಕೇಂದ್ರದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಸಚಿವಾಲಯ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಶಿಶುಕೇಂದ್ರ ಕೆಲಸದ ಸ್ಥಳದಲ್ಲಿ ಇಲ್ಲವೆ 500 ಮೀಟರಿನೊಳಗೆ ಇರುವುದು ಒಳ್ಳೆಯದೆಂದು ಸೂಚಿಸಿತು. ಐನೂರು ಮೀಟರೆಂದರೆ ಬಿರುಸಾಗಿ ನಡೆದರೂ ಹೋಗಲು ಆರು ನಿಮಿಷ, ಬರಲು ಆರು ನಿಮಿಷ. ದಾರಿಯಲ್ಲಿ ದಾಟಬೇಕಾದ ದೊಡ್ಡ ರಸ್ತೆಯೊಂದಿದ್ದರೆ ಅದಕ್ಕೆ ಬೇರೆ ಲೆಕ್ಕ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಕೆಲವು ತಮ್ಮ ಆವರಣದಲ್ಲೇ ಒಳ್ಳೆಯ ಶಿಶುಕೇಂದ್ರಗಳನ್ನು ನಡೆಸುತ್ತವೆ. ಇನ್ನು ಕೆಲವು ಊರಿನ ಯಾವುದೋ ಖಾಸಗಿ ಕೇಂದ್ರದೊಡನೆ ಕರಾರು ಮಾಡಿಕೊಂಡು ಶುಲ್ಕದ ಒಂದು ಭಾಗವನ್ನು ತೆತ್ತು ಕೈತೊಳೆದುಕೊಳ್ಳುತ್ತವೆ. ಎರಡನೆಯ ಏರ್ಪಾಟಿನಿಂದ ಮೂರು ವರ್ಷದ ಮಗುವಿಗೆ ಅನುಕೂಲವಾದೀತು. ಎದೆಹಾಲು ಕುಡಿಯುವ ಕೂಸಿಗೆ, ಸಿಲ್ಕ್ ಬೋರ್ಡಿನ ವಾಹನದಟ್ಟಣೆಯ ಆಚೆ ಇರುವ ತೊಟ್ಟಿಲು ಇದ್ದೂ ಇಲ್ಲದಂತೆಯೇ.

ಪೀಣ್ಯ, ಬೊಮ್ಮನಹಳ್ಳಿಗಳ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಹೊಲಿಗೆಯಂತ್ರಗಳ ಮುಂದೆ ಕುಳಿತವರಲ್ಲಿ ಬಹುಮಂದಿ ಸ್ತ್ರೀಯರೇ. ಕೂಸಿನ ಕೋಣೆ ಕಾರ್ಖಾನೆಯೊಳಗೇ ಇದ್ದರೂ, ಬೆಳಗಿನ ನೂಕುನುಗ್ಗಲಿನ ಬಸ್ಸಿನಲ್ಲಿ ಆರು ತಿಂಗಳ ಮಗುವನ್ನು ಅವಚಿಕೊಂಡು ಬರುವುದು ಹೇಗೆ? ಯಂತ್ರದಿಂದ ಏಳಬೇಕಾದಾಗ ಗಂಟೆಗಿಷ್ಟು ಬಟ್ಟೆಯೆಂಬ ಗುರಿ ಕೈಹಿಡಿದು ಕೂರಿಸುತ್ತದೆ. ಒಬ್ಬಳು ಎದ್ದರೆ ಸಾಲಿನಲ್ಲಿ ಮುಂದಿನವಳ ಕೆಲಸವೂ ನಿಲ್ಲುತ್ತದೆ. ದೂರವನ್ನು ಹೆಜ್ಜೆಗಳಲ್ಲಿ ಮಾತ್ರ ಅಳೆಯಲಾಗದೆಂಬುದಕ್ಕೆ ಇದು ಸಾಕ್ಷಿ. ಮಗುವನ್ನು ಊರಿನ ಅಜ್ಜಿಯ ಮನೆಯಲ್ಲಿ ಬಿಟ್ಟು, ತಿಂಗಳಿಗೊಮ್ಮೆ ಹೋಗಿ ನೋಡಿಬರುವ ತಾಯಂದಿರು ಈ ಕಾರ್ಖಾನೆಗಳಲ್ಲಿ ಅಪರೂಪವಲ್ಲ.

ಹಡಗುಕಟ್ಟೆಯ ಬಾಗಿಲಲ್ಲಿ

ತೊಟ್ಟಿಲನ್ನು ಕೆಲಸದ ಬಾಗಿಲಿಗೇ ತಂದರೆ ಖರ್ಚು ಮಿತಿಮೀರುತ್ತದೆ ಎಂಬುದು ಮಾಲೀಕರ ಹಳೆಯ ಮಾತು. ಅದನ್ನು ಒರೆಗೆ ಹಚ್ಚಿದ ಒಂದು ಪ್ರಸಂಗ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ನಡೆಯಿತು. ಅಲ್ಲಿನ ಕೈಸರ್ ಹಡಗು ಕಾರ್ಖಾನೆಗಳಲ್ಲಿ ಗಂಡಸರು ಯುದ್ಧಕ್ಕೆ ಹೋದ ಕಾರಣ ಸಾವಿರಾರು ಹೆಂಗಸರು ಬೆಸುಗೆಯ ಕೆಲಸಕ್ಕೆ ಸೇರಿದ್ದರು. 1943ರ ನವೆಂಬರಿನಲ್ಲಿ ಎರಡು ಶಿಶುಕೇಂದ್ರಗಳು ತೆರೆದವು. ಊರಿನೊಳಗಲ್ಲ, ಹಡಗುಕಟ್ಟೆಯ ಹೆಬ್ಬಾಗಿಲಿನ ಬಳಿ. ತಾಯಿ ದಾರಿ ಬದಲಿಸಬೇಕಾಗಿರಲಿಲ್ಲ. ನಡುವೆ ಆಟದ ಅಂಗಳ, ಸುತ್ತ ಚಕ್ರದ ಅರಗಳಂತೆ ಕೋಣೆಗಳು, ಅಮ್ಮ ದುಡಿಯುವ ಹಡಗುಕಟ್ಟೆ ಮಕ್ಕಳಿಗೆ ಕಾಣುವಂತೆ ಕಿಟಕಿಗಳು. ರಾತ್ರಿಯ ಪಾಳಿಯ ತಾಯಂದಿರಿಗಾಗಿ ಕೇಂದ್ರ ಇಡೀ ರಾತ್ರಿ ತೆರೆದಿರುತ್ತಿತ್ತು. ಶುಲ್ಕ ದಿನಕ್ಕೆ ಮುಕ್ಕಾಲು ಡಾಲರು. ಎರಡನೆಯ ಮಗುವಿಗೆ ಅರ್ಧ. ಇದೆಲ್ಲಕ್ಕಿಂತ ಹೆಚ್ಚಾಗಿ ತಾಯಂದಿರು ಮೆಚ್ಚಿದ ಸೌಕರ್ಯವೊಂದಿತ್ತು: ಸಂಜೆ ಮಗುವನ್ನು ಕರೆದೊಯ್ಯುವಾಗ ಮನೆಮಂದಿಗೆ ಬೇಕಾದ ರಾತ್ರಿಯೂಟವನ್ನೂ ಅಡುಗೆಮನೆಯಿಂದ ಕೊಂಡೊಯ್ಯಬಹುದಾಗಿತ್ತು. ದಿನವೆಲ್ಲ ದುಡಿದು ಬಂದು ಒಲೆ ಹಚ್ಚುವ ಗೃಹಿಣಿಗೆ ಆ ಪೊಟ್ಟಣದ ಬೆಲೆ ಹೇಳಿ ತಿಳಿಸಬೇಕಾಗಿಲ್ಲ.

ಹದಿನೆಂಟು ತಿಂಗಳು ತುಂಬಿದ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶವಿದ್ದುದರಿಂದ ಹಾಲೂಡಿಸುವ ತಾಯಿಗೆ ಅದರಿಂದ ಪ್ರಯೋಜನವಾಗಲಿಲ್ಲವೆಂಬುದೂ ನಿಜ. ಆದರೂ ಸುಮಾರು ನಾಲ್ಕು ಸಾವಿರ ಮಕ್ಕಳು ಆ ಕೇಂದ್ರಗಳಲ್ಲಿ ಆಡಿ ಬೆಳೆದರು. ವೆಚ್ಚವನ್ನು ಹಡಗಿನ ಬೆಲೆಯಲ್ಲೇ ಸೇರಿಸಿ ಅಮೆರಿಕದ ಸರ್ಕಾರ ಭರಿಸುತ್ತಿತ್ತು. 1945ರಲ್ಲಿ ಯುದ್ಧ ಮುಗಿಯಿತು; ಹಡಗು ಬೇಡವಾಯಿತು; ಹಣ ನಿಂತಿತು; ಶಿಶುಕೇಂದ್ರಗಳ ಬಾಗಿಲೂ ಮುಚ್ಚಿತು. ದುಡಿಯುವ ತಾಯಿಯ ಅಗತ್ಯ ಯುದ್ಧಕಾಲದಲ್ಲಿ ರಾಷ್ಟ್ರದ ಅಗತ್ಯವೂ ಶಾಂತಿಯ ಕಾಲದಲ್ಲಿ ಆಕೆಯ ಸ್ವಂತ ತಾಪತ್ರಯವೂ ಆದ ಬಗೆ ಇದು. ನಮ್ಮಲ್ಲಿ ಸಣ್ಣ ಕೂಲಿಯ ನೌಕರಳಿಗೆ ಹೆರಿಗೆ ರಜೆಯ ವೇತನವನ್ನು ರಾಜ್ಯ ವಿಮೆಯ ನಿಧಿ ಕೊಡುತ್ತದೆ. ಆ ನಿಧಿಯ ವ್ಯಾಪ್ತಿಗೆ ಬಾರದವರ ವೇತನವೂ ಶಿಶುಕೇಂದ್ರದ ವೆಚ್ಚವೂ ಮಾಲೀಕನ ತಲೆಗೇ ಬೀಳುತ್ತವೆ. ಹೊಸದಾಗಿ ಮದುವೆಯಾದ ತರುಣಿ ಸಂದರ್ಶನಕ್ಕೆ ಬಂದಾಗ ಮೇಜಿನ ಆಚೆ ಕುಳಿತವರ ಮನಸ್ಸಿನಲ್ಲಿ ಓಡುವ ಲೆಕ್ಕ ಇದೇ. 1928ರ ಅಂಬೇಡ್ಕರರ ಮಾತನ್ನು ಅರ್ಧ ಕೇಳಿ ಅರ್ಧ ಬಿಟ್ಟುದರ ಫಲವನ್ನು ಆಕೆ ಅನುಭವಿಸುತ್ತಾಳೆ.

ಮಾಲೀಕನೆಂಬವನೇ ದಿನಕ್ಕೊಂದು ಕಡೆ ಇರುವ ಕೆಲಸಗಳಲ್ಲಿ ತೊಟ್ಟಿಲೂ ತಿರುಗಬೇಕಾಗುತ್ತದೆ. 1969ರಲ್ಲಿ ದೆಹಲಿಯ ರಾಜಘಾಟದ ಸಮೀಪ ಗಾಂಧಿ ಶತಮಾನೋತ್ಸವದ ಕಟ್ಟಡಗಳು ಏಳುತ್ತಿದ್ದಾಗ, ಕಲ್ಲುಮಣ್ಣಿನ ರಾಶಿಯ ನಡುವೆ ಬಿದ್ದಿದ್ದ ಕೂಲಿಯವರ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಅವರು ಡೇರೆಯೊಂದರಲ್ಲಿ ಆರಂಭಿಸಿದ ‘ಮೊಬೈಲ್ ಕ್ರೆಶಸ್’ ಸಂಸ್ಥೆ ಹುಟ್ಟಿದ್ದು ಹೀಗೆ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ 2023ರಲ್ಲಿ ಘೋಷಿಸಿದ ಯೋಜನೆಗೆ ‘ಕೂಸಿನ ಮನೆ’ ಎಂಬ ಚೆಲುವಾದ ಹೆಸರಿಟ್ಟರು.

ಬಾಗಿಲುಳ್ಳ ಒಂದು ಕೋಣೆ

ತೊಟ್ಟಿಲನ್ನು ತರಲಾಗದಿದ್ದರೆ ಹಾಲನ್ನಾದರೂ ತೊಟ್ಟಿಲಿಗೆ ಕಳುಹಿಸಬಹುದು. ಇದಕ್ಕೆ ಕಛೇರಿಯಲ್ಲಿ ಬೇಕಾದುದು ಬಹಳವಿಲ್ಲ: ಒಳಗಿನಿಂದ ಅಗಣಿ ಹಾಕಬಹುದಾದ ಪುಟ್ಟ ಕೋಣೆ, ಕುರ್ಚಿ, ಕೈ ತೊಳೆಯಲು ನೀರು, ಒಂದು ಸಣ್ಣ ಫ್ರಿಜ್ಜು. ಅದಕ್ಕೂ ಹೆಚ್ಚಾಗಿ, ಆಕೆ ಎದ್ದು ಹೋದಾಗ ಗಡಿಯಾರ ನೋಡದ ಮೇಲಧಿಕಾರಿ.

ಹಿಂಡಿದ ಎದೆಹಾಲನ್ನು ಕೊಟ್ಟರೆ ಮಗುವಿಗೆ ಅಜೀರ್ಣವಾಗುತ್ತದೆಂಬ ಭಯ ಅನೇಕ ಮನೆಗಳಲ್ಲುಂಟು, ಅದಕ್ಕೆ ಆಧಾರವಿಲ್ಲ. ಕೈಯನ್ನೂ ಪಾತ್ರೆಯನ್ನೂ ಚೆನ್ನಾಗಿ ತೊಳೆದು ಮುಚ್ಚಳವುಳ್ಳ ಸ್ವಚ್ಛ ಪಾತ್ರೆಗೆ ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ನಾಲ್ಕು ಗಂಟೆಯನ್ನು ನೆಚ್ಚಬಾರದು. ಮಂಜುಗಡ್ಡೆಯ ಚೀಲದಲ್ಲಿಟ್ಟು ಒಯ್ಯುವುದೇ ಸರಿ. ಇಟ್ಟ ಹಾಲಿನಲ್ಲಿ ಕೆನೆ ಮೇಲಕ್ಕೆ ಬಂದು ಒಡೆದಂತೆ ಕಾಣುತ್ತದೆ. ಮೆಲ್ಲನೆ ಆಡಿಸಿದರೆ ಬೆರೆಯುತ್ತದೆ. ಅದನ್ನು ಕಾಯಿಸಬಾರದು. ಬಿಸಿನೀರಿನ ಬಟ್ಟಲಿನಲ್ಲಿ ಪಾತ್ರೆಯನ್ನಿಟ್ಟು ಬೆಚ್ಚಗೆ ಮಾಡಿದರೆ ಸಾಕು. ಕುಡಿಸುವುದಕ್ಕೆ ಸೀಸೆಯೇ ಆಗಬೇಕೆಂದಿಲ್ಲ. ಅಜ್ಜಿಯ ಕಾಲದ ಒಳಲೆ ಅಟ್ಟದ ಮೇಲೆಲ್ಲೋ ಇದ್ದರೆ ಅದನ್ನು ಇಳಿಸಿ, ಬೆಳಗಿ, ನೀರಿನಲ್ಲಿ ಕುದಿಸಿ ಬಳಸಬಹುದು. ತೊಳೆಯಲು ಸೀಸೆಗಿಂತ ಸುಲಭ.

ಕೆಲಸಕ್ಕೆ ಮರಳುವ ಎರಡು ವಾರ ಮೊದಲೇ ಹಿಂಡಿ ತೆಗೆಯುವ ಅಭ್ಯಾಸವನ್ನು ಮಾಡಿಕೊಳ್ಳುವುದು ಮೇಲು. ಮಗು ಒಗ್ಗಿಕೊಳ್ಳಲೆಂದು ತಿಂಗಳಿಗೆ ಮುಂಚಿತವಾಗಿಯೇ ಡಬ್ಬಿಯ ಹಾಲನ್ನು ಆರಂಭಿಸುವ ಅತ್ತೆಯರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಅಲ್ಲಿಂದಲೇ ಹಾಲು ಇಳಿಮುಖವಾಗುತ್ತದೆಂಬುದು ಅವರಿಗೆ ಹೊಳೆಯುವುದಿಲ್ಲ. ಪ್ರೊಲ್ಯಾಕ್ಟಿನ್ನಿನ ಪ್ರಮಾಣ ರಾತ್ರಿಯ ಹೊತ್ತು ಹೆಚ್ಚಿರುವುದರಿಂದ ರಾತ್ರಿ ಹಾಲೂಡಿಸುವ ತಾಯಿಗೆ ಹಗಲಿನ ಕೊರತೆ ಬಹುಮಟ್ಟಿಗೆ ತುಂಬಿಬರುತ್ತದೆ. ಹಾಗೆ ನಿದ್ದೆಗೆಟ್ಟವಳು ಬೆಳಗ್ಗೆ ಎದ್ದು ಎಲ್ಲರ ತಿಂಡಿಯನ್ನೂ ಮಾಡಿಯೇ ಹೊರಡಬೇಕೆನ್ನುವ ಮನೆಯಲ್ಲಿ ಯಾವ ಶಾಸನ ತಾನೇ ಏನು ಮಾಡೀತು?

ಮನೆಯ ಮಾತು ಬಂದಾಗ ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ನಗರದ ಮಧ್ಯಮವರ್ಗದ ತಾಯಿ ನೆಮ್ಮದಿಯಿಂದ ಕಛೇರಿಗೆ ಹೋಗುವುದು ಮಗುವನ್ನು ಆಡಿಸಲು, ಪಾತ್ರೆ ತೊಳೆಯಲು ಇನ್ನೊಬ್ಬಾಕೆ ಬರುವುದರಿಂದ. ಆಕೆಯೂ ಕೆಲವೊಮ್ಮೆ ಹಸಿ ಬಾಣಂತಿಯೇ. ತನ್ನ ಕೂಸನ್ನು ಎಂಟು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ಬಂದು ಇನ್ನೊಬ್ಬರ ಕೂಸಿಗೆ ಜೋಗುಳ ಹಾಡುತ್ತಾಳೆ. ಆಕೆಗೆ 26 ವಾರವೂ ಇಲ್ಲ, ಹದಿನೈದು ನಿಮಿಷವೂ ಇಲ್ಲ. ಒಂದು ಮನೆಯಲ್ಲಿ ಐವತ್ತು ನೌಕರರು ಎಂದಾದರೂ ಇರುವುದುಂಟೇ? ಆದರೆ ಇನ್ನೂರು ಮನೆಗಳ ಒಂದು ವಸತಿ ಸಮುಚ್ಚಯಕ್ಕೆ ಬೆಳಗ್ಗೆ ಎಂಟರಿಂದ ಒಂಬತ್ತರೊಳಗೆ ಎಷ್ಟು ಮಂದಿ ಹೆಂಗಸರು ಹೆಸರು ಬರೆದು ಒಳಗೆ ಬರುತ್ತಾರೆಂಬುದನ್ನು ಕಾವಲುಗಾರನ ಪುಸ್ತಕ ನೋಡಿದರೆ ಎಣಿಸಬಹುದು. ಸಂಘದ ಸಭಾಭವನ ಆ ಹೊತ್ತಿನಲ್ಲಿ ಹೆಚ್ಚಾಗಿ ಬೀಗ ಹಾಕಿಕೊಂಡೇ ಇರುತ್ತದೆ.